ಪೌರನೀತಿಯ ಪಾಠ

ಪೌರನೀತಿಯೆಂಬ ಪಾಠವು ಬಹುತೇಕ ಎಲ್ಲ ದೇಶಗಳಲ್ಲಿಯೂ ಉಂಟು. ಆದರೆ ಅದನ್ನು ಆಳುವವನ ಅನುಕೂಲಕ್ಕಾಗಿ ಕಲಿಸುವುದೊಂದು ಬಗೆ, ಪೌರನ ಅನುಕೂಲಕ್ಕಾಗಿ ಕಲಿಸುವುದು ಮತ್ತೊಂದು ಬಗೆ. ಇಂಡೋನೇಷ್ಯದ ಮುಸಲ್ಮಾನ ವಿದ್ಯಾರ್ಥಿಗಳು ಒಂದೇ ತಲೆಮಾರಿನೊಳಗೆ ಇವೆರಡನ್ನೂ ಕಂಡರು.

ಆ ದೇಶದ ರಾಜ್ಯತತ್ತ್ವಗಳಿಗೆ ಪಂಚಶೀಲವೆಂದು ಹೆಸರು. ಸುಕರ್ಣೋ ಅವರು 1945ರಲ್ಲಿ ಮುಂದಿಟ್ಟ ಈ ಶಬ್ದವು ಕನ್ನಡಿಗರ ಕಿವಿಗೆ ಹೊರಗಿನದಲ್ಲ. ಸಮುದ್ರವನ್ನು ದಾಟಿಹೋದ ನೆಂಟನೊಬ್ಬನನ್ನು ಪರದೇಶದಲ್ಲಿ ಗುರುತಿಸಿದಂತಾಗುತ್ತದೆ. ತತ್ತ್ವಗಳಲ್ಲಿ ಜನರು ಕೂಡಿ ಆಲೋಚಿಸಬೇಕೆಂಬುದೂ ಒಂದು. ಆದರೆ ಸುಹಾರ್ತೋ ಅವರ ಆಳ್ವಿಕೆಯಲ್ಲಿ, 1978ರಲ್ಲಿ, ಇವನ್ನೇ 36 ಸೂತ್ರಗಳಾಗಿ ಬಿಡಿಸಿ, ವಿದ್ಯಾರ್ಥಿಗಳೂ ಸರ್ಕಾರಿ ನೌಕರರೂ ಅವುಗಳ ಶಿಕ್ಷಣವನ್ನು ಪಡೆಯತಕ್ಕದ್ದೆಂದು ವಿಧಿಸಲಾಯಿತು. ಆಲೋಚನೆಯ ತತ್ತ್ವವನ್ನು ಕಂಠಪಾಠ ಮಾಡಿಸಿದರು! ಇದಕ್ಕಿಂತ ವಿಚಿತ್ರವಾದ ಪಾಠವನ್ನು ಊಹಿಸುವುದು ಕಷ್ಟ.

1998ನೆಯ ಮೇ 12ರಂದು ಜಕಾರ್ತದ ತ್ರಿಸಕ್ತಿ ವಿಶ್ವವಿದ್ಯಾನಿಲಯದ ನಾಲ್ವರು ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದರು. ಅದೇ ತಿಂಗಳ 21ರಂದು ಸುಹಾರ್ತೋ ಅವರು ಅಧಿಕಾರವನ್ನು ಬಿಟ್ಟರು. ಆ ಕಡ್ಡಾಯದ ಶಿಕ್ಷಣವೂ ಆ ವರ್ಷವೇ ಮುಗಿಯಿತು.

ಇನ್ನು ಏನನ್ನು ಕಲಿಸಬೇಕು? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವುಗಳಲ್ಲಿ ಜಕಾರ್ತದ ಸರ್ಕಾರಿ ಇಸ್ಲಾಂ ವಿದ್ಯಾಪೀಠವೂ ಒಂದು. ಆಗ ಅದರ ಮುಖ್ಯಸ್ಥರಾಗಿದ್ದವರು ಇತಿಹಾಸಜ್ಞರಾದ ಅಜ್ಯುಮರ್ದಿ ಅಜ್ರಾ ಅವರು. ಹಳೆಯ ಪಾಠದ ಸ್ಥಾನದಲ್ಲಿ ಪ್ರಜಾಪ್ರಭುತ್ವ, ಮಾನವನ ಹಕ್ಕುಗಳು, ಪೌರಸಮಾಜ ಎಂಬ ವಿಷಯಗಳು ಬಂದವು. ಪೌರಸಮಾಜಕ್ಕೆ ಅಲ್ಲಿಯವರು 'ಮಸ್ಯಾರಕತ್ ಮದನಿ' ಎನ್ನುತ್ತಾರೆ. ಮದೀನಾ ನಗರದ ನೆನಪನ್ನು ತರುವ ಮಾತದು. ಅಲ್ಲಿ ಪ್ರವಾದಿಗಳು ಮುಸಲ್ಮಾನರನ್ನೂ ಯೆಹೂದ್ಯರನ್ನೂ ಒಂದು ಒಡಂಬಡಿಕೆಗೆ ತಂದುದನ್ನು ಅದು ಸೂಚಿಸುತ್ತದೆ. ಹೊಸ ವಿಚಾರವು ಪರದೇಶದ ಉಡುಪಿನಲ್ಲಿ ಬರದೆ ಮನೆಯ ಮಾತಿನಲ್ಲಿ ಬಂದುದು ಜಾಣತನವೇ ಸರಿ.

ಆದರೆ ತೊಡಕಿದ್ದುದು ಪುಸ್ತಕದಲ್ಲಲ್ಲ. ಅಲ್ಲಿಗೆ ಬರುವ ಅನೇಕರು 'ಪೆಸಂತ್ರೆನ್' ಎಂಬ ಗುರುಕುಲಗಳಲ್ಲಿ ಬೆಳೆದವರು. ಗುರುವಿನ ಕೈಯನ್ನು ಚುಂಬಿಸಿ ವಂದಿಸುವುದು ಅಲ್ಲಿಯ ಮರ್ಯಾದೆ. ಗುರುವಿಗೆ ಎದುರಾಡುವುದು ಅವಿನಯ. ಅಂಥವನನ್ನು ನಿಲ್ಲಿಸಿ, "ನಿನ್ನ ಅಭಿಪ್ರಾಯವೇನಪ್ಪಾ?" ಎಂದು ಕೇಳಿದರೆ ಅವನು ನೆಲವನ್ನು ನೋಡುವುದು ಸಹಜ. ಆಗಿನ ಅಧ್ಯಾಪಕನ ಸ್ಥಿತಿಯೂ ಇದಕ್ಕಿಂತ ಉತ್ತಮವಾಗಿರಲಿಲ್ಲ. ಅದುವರೆಗೆ ಸೂತ್ರಗಳನ್ನು ಒಪ್ಪಿಸಿಕೊಂಡವನು ಇನ್ನು ವಾದವನ್ನು ಆಹ್ವಾನಿಸಬೇಕಾಗಿತ್ತು! ನಾಲಗೆ ಹೊರಳುವುದಕ್ಕೆ ಸ್ವಲ್ಪ ಕಾಲ ಹಿಡಿಯುತ್ತದೆ.

ಎಲ್ಲಕ್ಕಿಂತ ಕಠಿನವಾದುದು ಬೇರೊಂದಿದೆ. ಯಾವನಾದರೊಬ್ಬ ವಿದ್ಯಾರ್ಥಿಯು ಎದ್ದುನಿಂತು, ಅಧಿಕಾರವು ದೇವರದೇ ಹೊರತು ಜನರದಲ್ಲ, ಆದುದರಿಂದ ಈ ಪಾಠವೇ ತಪ್ಪೆಂದು ಹೇಳಿದರೆ? ಸುಮ್ಮನಿರಿಸಿದರೆ ಹಳೆಯ ತರಗತಿಯೇ ಮರಳಿ ಬಂದಂತೆ. ಸುಮ್ಮನೆ ಒಪ್ಪಿದರೆ ಪಾಠವೇ ಇಲ್ಲದಂತೆ. ಅಧ್ಯಾಪಕನು ಸೀಮೆಸುಣ್ಣವನ್ನು ಕೆಳಗಿಟ್ಟು, ಅವನ ಪಕ್ಕದಲ್ಲಿ ಕುಳಿತವನು ಇದಕ್ಕೆ ಏನೆನ್ನುವನೆಂದು ಕೇಳಿ, ಕಾಯಬೇಕು.