ಬಿದ್ದ ಮರದೊಳಗಿನ ಬಿಗಿ

ಚೆನ್ನೈನಲ್ಲಿ ನೆರಳು ಒಂದು ಆಸ್ತಿ. ನಮ್ಮ ಅಡ್ಯಾರಿನವರಿಗೆ ಅದು ತುಸು ಹೆಚ್ಚೇ ಇತ್ತು. ಊರಿನಿಂದ ನೆಂಟರು ಬಂದರೆ ಥಿಯೊಸಾಫಿಕಲ್ ಸೊಸೈಟಿಯ ಆವರಣದ ಹಳೆಯ ಆಲದ ಮರ ತೋರಿಸುತ್ತಿದ್ದೆ. 1989ರ ಬಿರುಗಾಳಿಗೆ ಅದರ ತಾಯಿಬೊಡ್ಡೆಯೇ ಉರುಳಿತು. ಬಿಳಲುಗಳ ಮೇಲೆ ಮರ ಉಳಿಯಿತು. ಬೀದಿಬದಿಯ ಮರಗಳಿಗೆ ಅಂಥ ಬಿಳಲುಗಳ ಆಸರೆ ಎಲ್ಲಿಂದ ಬರಬೇಕು?

2016ರ ಡಿಸೆಂಬರ್ 12ರಂದು ವಾರ್ದಾ ಚಂಡಮಾರುತ ಬಂತು. ಹೆಸರಿನ ಅರ್ಥ ಗುಲಾಬಿ. ಗಾಳಿಯ ವೇಗ ಗಂಟೆಗೆ 100 ಕಿಲೋಮೀಟರ್ ಮೀರಿತ್ತು. ನಗರದಲ್ಲಿ ಸಾವಿರಾರು ಮರಗಳು ನೆಲಕಚ್ಚಿದವು. ಗುಲ್‌ಮೊಹರ್, ಮಳೆಮರ, ಹಳದಿ ಹೂವಿನ ಪೆಲ್ಟೋಫೋರಂ: ಎಲ್ಲ ಬೇಗ ಬೆಳೆದು ಅಗಲವಾಗಿ ಕೊಡೆ ಹರಡುವಂಥವು. ಒಂದು ಬದಿಗೆ ಕಾಂಕ್ರೀಟು, ಇನ್ನೊಂದು ಬದಿಗೆ ಚರಂಡಿ. ಬೇರಿಗೆ ಜಾಗವೇ ಇರಲಿಲ್ಲ.

ನಮ್ಮ ಬೀದಿಯಲ್ಲಿ ಒಂದು ಮಳೆಮರ ಬುಡಸಮೇತ ಕಿತ್ತು ಎದುರುಮನೆಯ ಕಾಂಪೌಂಡಿನ ಮೇಲೆ ಒರಗಿತ್ತು. ಕರೆಂಟಿಲ್ಲ, ಫೋನಿಲ್ಲ, ಹಾಲಿನ ಗಾಡಿ ಬರುವಂತಿಲ್ಲ. ಒಬ್ಬರು ಎಳನೀರು ಕೊಚ್ಚುವ ಕತ್ತಿ ತಂದರು, ಇನ್ನೊಬ್ಬರು ಬಾಡಿಗೆಗೆ ಚೈನ್ ಸಾ ಹುಡುಕಲು ಹೊರಟರು. ಮಕ್ಕಳಂತೂ ಬೇರು ಕಿತ್ತುಬಂದ ಗುಂಡಿಗೆ ಇಳಿದು ಆಡತೊಡಗಿದ್ದರು.

ಮೂರನೆಯ ದಿನ ತರಬೇತಾದ ತಂಡವೊಂದು ಬಂತು. ಮೇಸ್ತ್ರಿ ಮೊದಲು ಗರಗಸ ಮುಟ್ಟಲೇ ಇಲ್ಲ. ಮರದ ಸುತ್ತ ಎರಡು ಸುತ್ತು ಹಾಕಿದರು. ಕೊಂಬೆಯಡಿ ಸಿಕ್ಕಿದ್ದ ತಂತಿ ನೋಡಿ, ಇ.ಬಿ.ಯವರು ಬಂದು ಲೈನ್ ಸತ್ತಿದೆ ಎಂದು ಖಚಿತಪಡಿಸುವವರೆಗೂ ಕಾದರು. ಆಮೇಲೆ ಗುಂಡಿಯತ್ತ ಕೈ ತೋರಿಸಿ, "ತಳ್ಳಿ ನಿಲ್ಲುಂಗ!" ಎಂದು ಕೂಗಿದರು. ದೂರ ನಿಲ್ಲಿ ಎಂದು. ಮಕ್ಕಳನ್ನು ಎಳೆದುಕೊಂಡು ಬಂದೆವು.

ಬಿದ್ದ ಮರ ಸುಮ್ಮನೆ ಮಲಗಿರುವುದಿಲ್ಲ, ಬಿಲ್ಲಿನಂತೆ ಬಿಗಿದುಕೊಂಡಿರುತ್ತದೆ ಎಂದು ನನಗೆ ತಿಳಿದದ್ದು ಅಂದು. ದಿಮ್ಮಿಯ ಎರಡೂ ತುದಿಗೆ ಆಸರೆಯಿದ್ದು ನಡುವೆ ಜೋತಿದ್ದರೆ ಮೇಲ್ಭಾಗ ಅದುಮಿಕೊಂಡಿರುತ್ತದೆ, ಕೆಳಭಾಗ ಸೆಳೆದುಕೊಂಡಿರುತ್ತದೆ. ಆಗ ಮೊದಲು ಮೇಲಿನಿಂದ ಸುಮಾರು ಮೂರನೇ ಒಂದು ಭಾಗ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಕೊಯ್ಯಬೇಕು. ಒಂದೇ ತುದಿಗೆ ಆಸರೆಯಿದ್ದರೆ ಇದು ತಿರುಗುಮುರುಗು. ತಪ್ಪಿದರೆ ಗರಗಸ ಕಚ್ಚಿಕೊಳ್ಳುತ್ತದೆ, ಇಲ್ಲವೇ ದಿಮ್ಮಿ ಸೀಳಿ ಸಿಡಿಯುತ್ತದೆ. ಬಾಗಿ ಸಿಕ್ಕಿಕೊಂಡ ರೆಂಬೆ ಎತ್ತ ಚಿಮ್ಮೀತೋ ಅತ್ತ ಯಾರೂ ನಿಲ್ಲಬಾರದು. ಗರಗಸದ ಪಟ್ಟಿಯ ಮೂತಿ ಮರಕ್ಕೆ ತಾಗಿದರೆ ಅದು ಕೊಯ್ಯುವವನ ಮುಖದತ್ತಲೇ ಒದೆಯುತ್ತದೆ. ಹಿಂದಕ್ಕೆ ಸರಿಯಲು ದಾರಿ ಮಾಡಿಕೊಂಡೇ ಗರಗಸ ಚಾಲು ಮಾಡಬೇಕು.

ಬುಡಕ್ಕೆ ಬಂದಾಗ ಬೇರಿನ ಗಡ್ಡೆಗೆ ದಪ್ಪ ಹಗ್ಗ ಬಿಗಿದರು. ಕಾಂಡದ ಭಾರ ಕಳಚಿದೊಡನೆ ಗಡ್ಡೆ ಯಾವ ಕಡೆಗಾದರೂ ಉರುಳಬಹುದಂತೆ. ಕೊನೆಯ ಕೊಯ್ತ ಮುಗಿಯಿತು. ಹಗ್ಗ ಜಗ್ಗಿತು, ಮಣ್ಣುಸಮೇತ ಆ ಗಡ್ಡೆ ಎದ್ದು, ತನ್ನ ಗುಂಡಿಗೇ ಧಡ್ಡನೆ ಕೂತಿತು. ಮೋಟು ನೆಟ್ಟಗೆ ನಿಂತಿತ್ತು. ಪಕ್ಕದ ಮನೆಯ ಅಮ್ಮ ಮಗನ ಭುಜ ಹಿಡಿದವರು ಬಹಳ ಹೊತ್ತು ಬಿಡಲಿಲ್ಲ.

ಆ ತಂಡಕ್ಕೆ ಹೆಲ್ಮೆಟ್, ಕಣ್ಣಿಗೆ ಜಾಳಿಗೆ, ಕಾಲಿಗೆ ದಪ್ಪ ಕವಚ ಇದ್ದವು. ಎರಡು ಬೀದಿಯಾಚೆ ಹವಾಯಿ ಚಪ್ಪಲಿಯಲ್ಲೇ ದಿಮ್ಮಿಯ ಮೇಲೆ ನಿಂತು ಕೊಡಲಿ ಬೀಸುತ್ತಿದ್ದ ದಿನಗೂಲಿಯವರನ್ನೂ ಅಂದೇ ಕಂಡೆ. ಮರ ಅದೇ ಜಾತಿಯದು, ಅಪಾಯವೂ ಅಷ್ಟೇ. ರಸ್ತೆ ಬೇಗ ಬಿಡಿಸಿ ಎಂದು ಅವರನ್ನು ಅವಸರಿಸುತ್ತಿದ್ದವರು ನಮ್ಮಂಥವರೇ.

ಮುಂಬಯಿಯ ಗೆಳೆಯರಿಗೆ 2021ರ ಮೇ ತಿಂಗಳ ತೌಕ್ತೆ ನೆನಪಿರಬಹುದು. ಬೆಂಗಳೂರಿನಲ್ಲಂತೂ ಮುಂಗಾರಿಗೆ ಮೊದಲಿನ ಮಳೆಗೇ ಮರಗಳು ಉರುಳುತ್ತವೆ. ನಾವು ಎಲ್ಲೇ ನೆಲೆಸಿರಲಿ, ಮಳೆಗಾಲಕ್ಕೆ ಮುನ್ನ ನಮ್ಮ ಸೊಸೈಟಿಯ ಸಭೆಯಲ್ಲಿ ಎರಡು ಮಾತು ಕೇಳಿಡೋಣ: ಮರ ಬಿದ್ದರೆ ಕರೆಯುವುದು ಯಾರನ್ನು? ಬರುವವರಿಗೆ ತರಬೇತಿ, ಹೆಲ್ಮೆಟ್ ಇವೆಯೇ? ಅವರು ಬರುವವರೆಗೆ ತಂತಿಯಿಂದ, ಗುಂಡಿಯಿಂದ ದೂರ ನಿಲ್ಲೋಣ. ಹಾಲು ಒಂದು ದಿನ ತಡವಾದರೂ ನಡೆದೀತು.