'ಎಲ್ಲರೂ' ಅಂದರೆ ಯಾರು ಯಾರು?

ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ತರಗತಿಯಲ್ಲಿ ಪಾಠ ಮಾಡುವಾಗ ನಾನು ಮೊದಲನೆಯ ವಿಧಿಯಲ್ಲೇ ಅರ್ಧ ಗಂಟೆ ನಿಂತುಬಿಡುತ್ತೇನೆ. ಉಳಿದ 29 ವಿಧಿಗಳನ್ನು ಮಕ್ಕಳು ಮನೆಯಲ್ಲಿ ಓದಿಕೊಳ್ಳಬಹುದು. ಮೊದಲನೆಯದರ ಆರಂಭದ ಪದಗಳ ಹಿಂದೆ ಮಾತ್ರ ಒಂದು ಕಥೆಯಿದೆ, ಅದನ್ನು ಹೇಳದೆ ಮುಂದಕ್ಕೆ ಹೋಗಲು ಮನಸ್ಸಾಗುವುದಿಲ್ಲ.

ಕರಡಿನಲ್ಲಿ ಇದ್ದದ್ದು 'ಆಲ್ ಮೆನ್' ಎಂದು. ಆಯೋಗದಲ್ಲಿ ಭಾರತದ ಪ್ರತಿನಿಧಿಯಾಗಿದ್ದವರು ಹಂಸಾ ಮೆಹ್ತಾ. 1947ರ ಆಗಸ್ಟ್ 14ರ ಮಧ್ಯರಾತ್ರಿ ದೇಶದ ಹೆಂಗಸರ ಪರವಾಗಿ ಸಂವಿಧಾನ ಸಭೆಗೆ ರಾಷ್ಟ್ರಧ್ವಜ ಒಪ್ಪಿಸಿದವರೂ ಇವರೇ. ಆ ಪದಗಳನ್ನು ಹಿಡಿದುಕೊಂಡು ಕೆಲವು ದೇಶಗಳು ಹೆಂಗಸರನ್ನು ಹೊರಗಿಡಬಹುದು ಎಂಬುದು ಅವರ ಆಕ್ಷೇಪ. ಅಧ್ಯಕ್ಷೆ ಎಲೀನರ್ ರೂಸ್ವೆಲ್ಟ್ ಅವರಿಗೆ ಹಾಗನ್ನಿಸಿರಲಿಲ್ಲ. ಇಂಗ್ಲಿಷಿನಲ್ಲಿ ಆ ಪದಕ್ಕೆ ಎಲ್ಲರೂ ಸೇರುತ್ತಾರಲ್ಲ ಎಂಬುದು ಅವರ ನಂಬಿಕೆ. 1948ರ ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ ಘೋಷಣೆ ಅಂಗೀಕಾರವಾದಾಗ ಅದರಲ್ಲಿದ್ದದ್ದು 'ಆಲ್ ಹ್ಯೂಮನ್ ಬೀಯಿಂಗ್ಸ್'. ಅದೇ ವಿಧಿಯ ಕೊನೆಯ ಸಹೋದರರ ಮಾತಿಗೂ ಮೆಹ್ತಾ ತಕರಾರು ಎತ್ತಿದ್ದರು. ಅದು ರೂಪ ಬದಲಿಸಿ ಭ್ರಾತೃಭಾವವಾಗಿ ಇವತ್ತಿಗೂ ಉಳಿದಿದೆ.

ಅವರ ಅನುಮಾನ ಸುಮ್ಮನೆ ಬಂದದ್ದಲ್ಲ. ಅದೇ ಫ್ರಾನ್ಸಿನಲ್ಲಿ 1789ರಲ್ಲಿ ಮನುಷ್ಯನ ಮತ್ತು ಪೌರನ ಹಕ್ಕುಗಳ ಘೋಷಣೆ ಹೊರಟಿತ್ತು. 1791ರಲ್ಲಿ ಒಲಂಪ್ ದ ಗೂಜ್ ಎಂಬಾಕೆ ಅದಕ್ಕೆ ಎದುರಾಗಿ ಹೆಣ್ಣಿನ ಹಕ್ಕುಗಳ ಘೋಷಣೆ ಬರೆದಳು. ಎರಡು ವರ್ಷದ ಮೇಲೆ ರಾಜಕೀಯ ಬರಹಗಳಿಗಾಗಿ ಅವಳನ್ನು ಗಿಲೊಟಿನ್‌ಗೆ ಕೊಟ್ಟರು. ಫ್ರಾನ್ಸಿನ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿದ್ದು 1944ರಲ್ಲಿ!

ಕನ್ನಡದಲ್ಲಿ ಈ ತಕರಾರು ಅರ್ಥವಾಗುವುದೇ ಕಷ್ಟ. 'ಮನುಷ್ಯರು' ಅಂದರೆ ಮುಗಿಯಿತು, 'ಬಂದರು' ಅಂದರೆ ಗಂಡೂ ಹೌದು ಹೆಣ್ಣೂ ಹೌದು. ಆದರೆ ಏಕವಚನಕ್ಕೆ ಇಳಿಯಿರಿ: 'ಮನುಷ್ಯ ಸ್ವತಂತ್ರನಾಗಿ ಹುಟ್ಟುತ್ತಾನೆ.' ಉತ್ತರ ಪತ್ರಿಕೆಗಳಲ್ಲಿ ಹುಡುಗಿಯರೂ ಹೀಗೇ ಬರೆಯುತ್ತಾರೆ. ನಾನು ಅಂಕ ಕಳೆಯುವುದಿಲ್ಲ, 'ತ್ತಾನೆ'ಯ ಕೆಳಗೊಂದು ಗೆರೆ ಎಳೆಯುತ್ತೇನೆ.

"ಪದ ಬದಲಾದರೆ ಏನಾಗುತ್ತೆ ಮೇಡಂ?" ಎಂದು ಒಬ್ಬ ಹುಡುಗ ಕೇಳಿದ್ದ. ನ್ಯಾಯವಾದ ಪ್ರಶ್ನೆಯೇ. ನನಗೆ ನೆನಪಾದದ್ದು ನಮ್ಮ ಮನೆಯ ಪಾಲಿನ ಪತ್ರ.

ಹಿಂದೂ ಸಂಹಿತೆ ಮಸೂದೆಯ ಪರವಾಗಿ ಸಭೆಯಲ್ಲಿ ವಾದಿಸಿದವರಲ್ಲಿ ಹಂಸಾ ಮೆಹ್ತಾ ಕೂಡ ಒಬ್ಬರು. ಮಸೂದೆ ತುಂಡು ತುಂಡಾಗಿ ಕಾನೂನಾಯಿತು. 1956ರ ಉತ್ತರಾಧಿಕಾರ ಕಾಯ್ದೆಯಲ್ಲಿ ಅಪ್ಪನ ಸ್ವಂತ ಸಂಪಾದನೆಯಲ್ಲಿ ಮಗಳಿಗೆ ಪಾಲು ಬಂತು. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಮಾತ್ರ ಗಂಡುಮಕ್ಕಳಲ್ಲೇ ಉಳಿಯಿತು. ಕರ್ನಾಟಕ 1994ರಲ್ಲಿ ಅದನ್ನು ತಿದ್ದಿ, ಮಗಳಿಗೂ ಹುಟ್ಟಿನಿಂದಲೇ ಹಕ್ಕು ಎಂದಿತು. ಆದರೆ ತಿದ್ದುಪಡಿ ಜಾರಿಗೆ ಬರುವ ಮೊದಲೇ ಮದುವೆಯಾದ ಮಗಳಿಗೆ ಇಲ್ಲ.

ಅಕ್ಕನ ಮದುವೆ ಆದದ್ದು 1992ರಲ್ಲಿ. ನನ್ನದು 1997ರಲ್ಲಿ. 1999ರಲ್ಲಿ ಜಮೀನು ಪಾಲಾದಾಗ ನನ್ನ ಹೆಸರು ಪತ್ರದಲ್ಲಿತ್ತು, ಅವಳದು ಇರಲಿಲ್ಲ. ಒಂದೇ ತಾಯಿಯ ಹೊಟ್ಟೆಯಲ್ಲಿ, ಒಂದೇ ಮನೆಯಲ್ಲಿ ಹುಟ್ಟಿದವರು ನಾವು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಮದುವೆಯ ಷರತ್ತು ಹೋಯಿತು, ಆದರೆ ಅದು 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಪಾಲುಗಳನ್ನು ಮುಟ್ಟಲಿಲ್ಲ. ನಮ್ಮದು ನೋಂದಣಿಯಾಗಿತ್ತು.

ನನಗೆ ಬಂದ 30 ಗುಂಟೆಯಲ್ಲಿ ಅರ್ಧ ಅವಳ ಹೆಸರಿಗೆ ಮಾಡಿಸುತ್ತೇನೆ ಅಂದೆ. ಅಕ್ಕ ಒಪ್ಪಲಿಲ್ಲ. "ನೀನು ಕೊಟ್ಟರೆ ಅದು ದಾನ ಆಗುತ್ತೆ ಕಣೇ," ಅಂದಳು. ಅದೇ ಜಮೀನಿನ ತೆಂಗಿನಕಾಯಿ ಕಳಿಸಿದರೆ ಮಾತ್ರ ಇಟ್ಟುಕೊಳ್ಳುತ್ತಾಳೆ, ಎಣಿಸಿ.