ತಾಳಿದ ಕೋಶ ಬಾಳೀತು

'ತಾಳಿದವನು ಬಾಳಿಯಾನು' ಎಂಬ ಗಾದೆಯನ್ನು ನಮ್ಮ ಹಿರಿಯರು ಮನುಷ್ಯನನ್ನು ಕುರಿತು ಹೇಳಿದರೇ ಹೊರತು ಕಣ್ಣಿಗೆ ಕಾಣದ ಜೀವಕೋಶವನ್ನು ಕುರಿತಲ್ಲ. ಆದರೂ ಆ ಮಾತು ನಮಗಿಂತ ಕೋಶಕ್ಕೇ ಹೆಚ್ಚು ಒಪ್ಪುತ್ತದೆಂದು ನನಗೆ ಈಚೆಗೆ ತೋರುತ್ತಿದೆ.

ಒಂದು ಕೋಶ ಎರಡಾಗುವ ಮುನ್ನ ಡಿ.ಎನ್.ಎ. ಎಂಬ ತನ್ನ ವಂಶದ ಬರಹವನ್ನು ಪೂರ್ಣವಾಗಿ ನಕಲು ಮಾಡಿಕೊಳ್ಳಬೇಕು. ಬಿಸಿಲು, ತಂಬಾಕಿನ ಹೊಗೆ, ಕ್ಷ-ಕಿರಣ, ಕಡೆಗೆ ನಾವು ಉಸಿರಾಡುವ ಆಮ್ಲಜನಕ ಕೂಡ ಆ ಬರಹವನ್ನು ಕೆಡಿಸುತ್ತಲೇ ಇರುತ್ತವೆ. ಕೆಟ್ಟುದನ್ನು ಹಾಗೆಯೇ ನಕಲು ಮಾಡಿದರೆ ಗತಿಯೇನು? ಆದ್ದರಿಂದಲೇ ಕೋಶ ಕೆಲಸ ನಿಲ್ಲಿಸುತ್ತದೆ. ತಿದ್ದಿಕೊಂಡ ಮೇಲೆ ಮುಂದುವರಿಯುತ್ತದೆ.

ಈ ನಿಲುಗಡೆಯ ಬೆಲೆಯನ್ನು ತೋರಿಸಿಕೊಟ್ಟದ್ದು ಯೀಸ್ಟು. ರ‍್ಯಾಡ್-೯ ಎಂಬ ಜೀನು ಕೆಟ್ಟಿರುವ ಯೀಸ್ಟು ಕೋಶಗಳು ಕ್ಷ-ಕಿರಣದ ಪೆಟ್ಟು ತಿಂದರೂ ನಿಲ್ಲದೆ ವಿಭಜನೆಗೊಂಡು ಸಾಯುವುದನ್ನು ಅಮೆರಿಕದ ವೈನರ್ಟ್ ಮತ್ತು ಹಾರ್ಟ್‌ವೆಲ್ ೧೯೮೮ರಲ್ಲಿ ಪ್ರಕಟಿಸಿದರು. ಅವುಗಳನ್ನೇ ಔಷಧದಿಂದ ಕೆಲವು ಗಂಟೆ ಬಲವಂತವಾಗಿ ತಡೆದಿಟ್ಟಾಗ ಹೆಚ್ಚು ಕೋಶಗಳು ಬದುಕಿಕೊಂಡವು! ತಿದ್ದಿಕೊಳ್ಳುವ ಶಕ್ತಿ ಅವಕ್ಕೆ ಇದ್ದೇ ಇತ್ತು, ಇಲ್ಲದಿದ್ದುದು ತಾಳ್ಮೆ.

ನಮ್ಮ ದೇಹದಲ್ಲಿ ಈ ಹೊಣೆಯನ್ನು ಬಹುಮಟ್ಟಿಗೆ ಹೊತ್ತಿರುವುದು ೧೯೭೯ರಲ್ಲಿ ಪತ್ತೆಯಾದ ಪಿ-೫೩ ಎಂಬ ಪ್ರೋಟೀನು. ಸಾಮಾನ್ಯ ದಿನಗಳಲ್ಲಿ ಎಂಡಿಎಂ-೨ ಎಂಬ ಇನ್ನೊಂದು ಪ್ರೋಟೀನು ಅದನ್ನು ಹುಟ್ಟಿದ ಹಾಗೆಯೇ ನಾಶಕ್ಕೆ ಒಪ್ಪಿಸುತ್ತಿರುತ್ತದೆ. ಡಿ.ಎನ್.ಎ. ಮುರಿದೊಡನೆ ಆ ಹಿಡಿತ ಸಡಿಲುತ್ತದೆ. ಪಿ-೫೩ ಹೆಚ್ಚಿ ಕೋಶವನ್ನು ತಡೆದು ನಿಲ್ಲಿಸುತ್ತದೆ. ಸೋಜಿಗವೆಂದರೆ, ತನ್ನನ್ನು ಅಡಗಿಸುವ ಎಂಡಿಎಂ-೨ರ ತಯಾರಿಕೆಗೂ ತಾನೇ ಅಪ್ಪಣೆ ಕೊಡುತ್ತದೆ. ಗಾಯ ಮಾಗಿದ ಮೇಲೆ ಅಧಿಕಾರ ಬಿಟ್ಟಿಳಿಯುವ ಏರ್ಪಾಡು ಅದು. ಗಾಯ ತಿದ್ದಲಾರದಷ್ಟಾಗಿದ್ದರೆ ಕೋಶಕ್ಕೆ ಮರಣವನ್ನೇ ವಿಧಿಸುವುದೂ ಉಂಟು. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಪಿ-೫೩ರ ಜೀನೇ ಕೆಟ್ಟಿರುತ್ತದೆ.

ನಮ್ಮಕ್ಕನಿಗೆ ವಿಕಿರಣ ಚಿಕಿತ್ಸೆ ನಡೆದಾಗ ಪ್ರತಿದಿನ ಅವಳನ್ನು ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. "ಎಲ್ಲವನ್ನೂ ಒಂದೇ ದಿನ ಕೊಟ್ಟು ಮುಗಿಸಬಾರದೇ?" ಎಂದು ಅವಳು ಬೇಸತ್ತು ಕೇಳುವಳು. ಆ ಕಿರಣ ಬೀಳುವುದೇ ಡಿ.ಎನ್.ಎ.ಯನ್ನು ಮುರಿಯಲೆಂದು, ನಡುವಣ ಬಿಡುವಿನಲ್ಲಿ ಆರೋಗ್ಯವುಳ್ಳ ಕೋಶಗಳು ನಿಂತು ತಿದ್ದಿಕೊಳ್ಳುತ್ತವೆ, ತಾಳ್ಮೆಗೆಟ್ಟ ಕ್ಯಾನ್ಸರು ಕೋಶಗಳಿಗೆ ಸಾಮಾನ್ಯವಾಗಿ ಅದು ಅಷ್ಟು ಚೆನ್ನಾಗಿ ಸಾಗದು ಎಂದು ವಿವರಿಸಿದೆ. ಅಕ್ಕ ತುಸು ಹೊತ್ತು ಸುಮ್ಮನಿದ್ದು, "ಹಾಗಾದರೆ ಮನೆಗೆ ಹೋಗಿ ಮಲಗುವುದೂ ಚಿಕಿತ್ಸೆಯೇ ಅನ್ನು" ಎಂದಳು. ಮಾರನೆಯ ಬೆಳಿಗ್ಗೆ ನಾನು ಕರೆಯುವ ಮೊದಲೇ ಸಿದ್ಧಳಾಗಿ ಬಾಗಿಲಲ್ಲಿ ನಿಂತಿದ್ದಳು.